ನಡುವಿನ ದೀಪ

ನಾನಾ ಪೇಠದಾಗ, ಕ್ಲಚ್ ಪ್ಲೇಟು ರೊಟ್ಟಿಯಂಗ ಒಟ್ಟಿದ ಅಂಗಡಿ ದಾಟಿ
ಹಾತಿಮ್‌ಭಾಯಿ ಗಲ್ಲಾದ ಮ್ಯಾಲ ಮೂರು ಪಿಸ್ತೂಲು ಇಟ್ಟರು.
ಮದ್ದಿಲ್ಲ, ಗುಂಡಿಲ್ಲ. ಒತ್ತಿದರ ಬೆಳಕು.

ಮೊದಲನೇದು ನಿಯಾನ್, ನಾಕುನೂರು.
ಬ್ಯಾಟರಿಯ ಹಂಗಿಲ್ಲ,
ಪ್ಲಗ್ಗಿಗೂ ವಾಯರಿಗೂ ನಡುವ ಸಿಗಿಸಿದರ ಆತು.
ಕೆಂಪಗ ಮಿಣುಕತದ, ಬೀಡಿ ತುದಿಯಂಗ.
ನಮ್ಮ ಗ್ಯಾರೇಜಿಗೆ ತಗಡು ಅರ್ಧ, ಆಕಾಶ ಅರ್ಧ.
ಅಷ್ಟು ಬಿಸಿಲಿನಾಗ ಅದು ಕಾಣಬೇಕಂದ್ರ
ಎಂಜಿನ್ನೂ ನಾನೂ ಕೂಡಿ ಒಂದು ಚಾದರ ಹೊದಿಬೇಕು.

ಮೂರನೇದಕ್ಕ ಬೆನ್ನಿನ ಮ್ಯಾಲ ಚಕ್ರ.
ತಿರುವಿದರ ಡಿಗ್ರಿ ಹೇಳತದ, ಅಂಕಿಯೊಳಗ.
ನಾಕು ಸಾವಿರದಾ ಐದುನೂರು.
ಹಿಡಿದೆ, ತೂಗಿ ನೋಡಿದೆ, ಇಟ್ಟೆ.
ಉಸ್ತಾದರ ಮುಂದ ಅಂಕಿ ಹೇಳೋ ಸಾಮಾನು ಒಯ್ಯೋದು
ಬೀಗರ ಮನಿಗೆ ಉಣ್ಣಾಕ ಹೋಗುವಾಗ
ತಕ್ಕಡಿ ಹಿಡಕೊಂಡು ಹೋದಂಗ.

ದಸ್ತಗೀರ ಉಸ್ತಾದರು ಅಕ್ಕಲಕೋಟದವರು.
ಉದ್ದನ ಸ್ಕ್ರೂಡ್ರೈವರಿನ ಹಿಡಿ ಕಿವಿಗೆ, ತುದಿ ಎಂಜಿನ್ನಿಗೆ,
ಕಣ್ಣು ಮುಚ್ಚಿ, ಡಿಸ್ಟ್ರಿಬ್ಯೂಟರ್ ಕೂದಲೆಳಿಯಷ್ಟು ತಿರುವಿ
"ಹ್ಞಾಂ" ಅಂದರ ಅದು ಹ್ಞಾಂ.
ಮೂವತ್ತೊಂದು ವರ್ಷ ಪುಣೆಯ ಫಿಯಾಟುಗಳು
ಆ ಒಂದು ಅಕ್ಷರದ ಮ್ಯಾಲ ಓಡ್ಯಾವ.

ದೀಪಾವಳಿ ಆದಮ್ಯಾಲ
ಶಿಂತ್ರೆ ಬಾಯಿ ಮೂರು ಸಲ ಗಾಡಿ ತಂದರು.
"ಕಾತ್ರಜ್ ಘಾಟು ಏರುವಾಗ
ಬಾನೆಟ್ಟಿನ ಒಳಗ ಯಾರೋ ಶೇಂಗಾ ಒಡದಂಗ ಆಗತದ."
ಉಸ್ತಾದರು ತಾವ ಘಾಟು ಏರಿಸಿದರು.
ಬೋಗದಾದ ಮುಂದ ನಿಲ್ಲಿಸಿ, ತಿರುಗಿ ನೋಡಿ, ನಕ್ಕರು:
"ಎಲ್ಲಿ ಐತಿ ಶೇಂಗಾ?"
ಹಿಂದಿನ ಸೀಟಿನಾಗ ಕುಂತ ನನಗ
ಮುಷ್ಟಿ ಮುಷ್ಟಿ ಕೇಳಿಸಿತ್ತು.

ದಪ್ಪ ಸದ್ದು ಇನ್ನೂ ಸಿಗತಾವ ಅವರಿಗೆ,
ಟ್ಯಾಪೆಟ್ಟು, ಬೇರಿಂಗು, ತೂತುಬಿದ್ದ ಸೈಲೆನ್ಸರು.
ಸಣ್ಣವು ಒಂದೊಂದ ಎದ್ದು ಹೋಗ್ಯಾವ,
ಹೇಳದ, ಚಪ್ಪಲಿ ಕೈಯಾಗ ಹಿಡಕೊಂಡು.

ಹಿಂಗಾಗಿ ನಡುವಿನದು. ಝೆನಾನ್. ಎರಡು ಸಾವಿರದಾ ಇನ್ನೂರು.
ಕೆಂಪು, ಕರಿ ಚಿಮಟಿ ಬ್ಯಾಟರಿಗೆ,
ದಪ್ಪ ಚಿಮಟಿ ಒಂದನೇ ಪ್ಲಗ್ಗಿನ ವಾಯರಿಗೆ.
ಹಾತಿಮ್‌ಭಾಯಿ ತಮ್ಮ ಹಳೇ ಮಾರುತಿಗೆ ಹಚ್ಚಿ ತೋರಿಸಿದರು.
ನಿಮಿಷಕ್ಕ ಎಂಟುನೂರು ಸುತ್ತು ಹೊಡಿಯೋ ಪುಲ್ಲಿಯ ಮ್ಯಾಲ
ಸುಣ್ಣದ ಗೆರಿ, ಅಲ್ಲೇ, ಬಿಸಿಲಿನಾಗ,
ಊರಿಗೆ ಹೋಗೋ ಮನಸಿಲ್ಲದವನಂಗ ನಿಂತುಬಿಡ್ತು.

"ನಿಮ್ಮ ಫಿಯಾಟಿನಾಗ ಪಂಖಾನೂ ತೂಕಡಿಸಿದಂಗ ಕಾಣತದ.
ಕೈ ಹಾಕಬ್ಯಾಡ."
ಎಡಗೈಯ ತೋರುಬೆರಳು ತೋರಿಸಿದರು.
ಉಗುರು ಇರೋ ಜಾಗಾ ನುಣ್ಣಗಿತ್ತು.

ಸಂಜಿಕ ಬಾಯಿಯ ಗಾಡಿ ಚಾಲೂ ಮಾಡಿದೆ.
ವ್ಯಾಕ್ಯೂಮ್ ನಳಿಗಿ ಬಿಚ್ಚಿ, ತುದಿ ಬಂದ್ ಮಾಡಿ,
ಗೆರಿಗೆ ಖಡು ತಿಕ್ಕಿದೆ.
ಉಸ್ತಾದರು ಬಾಗಲದಾಗ ನಿಂತು ನೋಡಾಕತ್ತಿದ್ದರು,
ಪಿಸ್ತೂಲು ತಮ್ಮ ಕಡೆಗೇ ಹಿಡಿದಂಗ.
ಒತ್ತಿದೆ.
ಗೆರಿ ತನ್ನ ಗುರುತು ಬಿಟ್ಟು ಆರು ಡಿಗ್ರಿ ಮುಂದ
ಗಪ್ಪಂತ ನಿಂತಿತ್ತು.
ನಾ ಏನೂ ಅನಲಿಲ್ಲ.

ಬಂದು ಬಗ್ಗಿದರು. ಸ್ಕ್ರೂಡ್ರೈವರು ಜೋಬಿನ್ಯಾಗ ಹಂಗ ಇತ್ತು.
ಭಾಳ ಹೊತ್ತು ಆ ಗೆರಿ ನೋಡಿದರು.
ಆಮ್ಯಾಲ ಹದಿಮೂರರ ಪಾನಾ ಇಸಗೊಂಡು, ನಟ್ಟು ಸಡಲಿಸಿ
ಒಂದು ಕೂದಲೆಳಿ ತಿರುವಿದರು. ಇನ್ನೊಂದು ಎಳಿ.
ಗೆರಿ ನಡಕೋತ ಬಂದು ತನ್ನ ಜಾಗಾದಾಗ ಕುಂತಿತು.
"ಹ್ಞಾಂ" ಅನಲಿಲ್ಲ ಅವರು.

"ಎಷ್ಟು ಕೊಟ್ಟಿ?"
ಹೇಳಿದೆ.
"ಹಾತಿಮ್ ಮುನ್ನೂರು ತಿಂದಾನ," ಅಂದು
ನನ್ನ ಕೈಯಾಗಿಂದ ಅದನ್ನ ಕಸಗೊಂಡು
ಪಂಖಾದ ಕಡೆ ಹಿಡಿದು, ಸಣ್ಣ ಹುಡುಗರಂಗ
ಮತ್ತೊಮ್ಮೆ ಒತ್ತಿದರು.
ಅವರ ಇನ್ನೊಂದು ಕೈ ನಾ ಹಿಡಕೊಂಡೆ.